ಕೈಗಂಟುವ ಬಣ್ಣ ಹುಡುಕಿದ ಮಾವ

ನಮ್ಮ ಸೋದರಮಾವನಿಗೆ ಊರಿನ ಮನುಷ್ಯರಿಗಿಂತ ಊರಿನ ಗೋಡೆಗಳ ಪರಿಚಯವೇ ಜಾಸ್ತಿ ಇತ್ತು ಅಂದರೆ ನೀವು ನಗಬಹುದು. ನಗಿ, ಪರವಾಗಿಲ್ಲ. ನಾನೂ ತಿಂಗಳುಗಟ್ಟಲೆ ನಕ್ಕವಳೇ. ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ಬೆಳಗ್ಗೆ ಹಾಲಿಗೆ ಹೊರಟರು ಅಂದರೆ ಎಡಗೈಯಲ್ಲಿ ಹಾಲಿನ ಚೊಂಬು, ಬಲಗೈ ಮಾತ್ರ ಸಾಲುಸಾಲಾಗಿ ಕಂಡವರ ಕಾಂಪೌಂಡಿನ ಮೇಲೆ! ಸವರುವುದು, ಅಂಗೈ ತಿರುಗಿಸಿ ನೋಡುವುದು, "ಛೆ, ಗಟ್ಟಿಯಾಗಿದೆ" ಅನ್ನುವುದು, ಮುಂದಿನ ಮನೆಗೆ ಹೋಗುವುದು. ಎಲ್ಲಾದರೂ ಅಂಗೈಗೆ ಬಿಳಿ ಪುಡಿ ಅಂಟಿತೋ, ಮುಖ ಊರಗಲ ಆಗಿಬಿಡುತ್ತಿತ್ತು. ಆ ಮನೆ ಬಾಗಿಲು ತಟ್ಟಿ, "ನಿಮ್ಮ ಗೋಡೆ ಬಣ್ಣ ಬಹಳ ಚೆನ್ನಾಗಿ ಕೈಗೆ ಬರ್ತಾ ಇದೆ. ಎಲ್ಲಿ ತಂದ್ರಿ?" ಅಂತ ವಿಚಾರಿಸುವರು. ಬಣ್ಣ ಕೈಗೆ ಬಂತು ಅಂದರೆ ಯಾವ ಮನೆ ಯಜಮಾನ ತಾನೇ ಸಂತೋಷಪಡುತ್ತಾನೆ? ಒಬ್ಬರಂತೂ "ಬೆಳಗಾಗೆದ್ದು ಹಂಗಿಸೋಕೆ ಬಂದ್ರಾ?" ಅಂತ ಮುಖದ ಮೇಲೇ ಬಾಗಿಲು ಹಾಕಿಕೊಂಡರು.

ರಿಟೈರಾದ ಮೇಲೆ ಕೆಲವರಿಗೆ ಇಸ್ಪೀಟು, ಕೆಲವರಿಗೆ ವಿಷ್ಣು ಸಹಸ್ರನಾಮ. ಇವರಿಗೆ ಗೋಡೆ. "ಪಾಪ, ಒಳ್ಳೆ ಮನುಷ್ಯ, ಸ್ವಲ್ಪ ಹೀಗಾಗಿಬಿಟ್ಟಿದ್ದಾರೆ" ಅಂತ ಬೀದಿಯವರು ಬೆರಳನ್ನು ತಲೆ ಹತ್ತಿರ ತಿರುಗಿಸಿ ತೋರಿಸುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಆದರೆ ಯಾರ ಮೇಲೆ ಕೋಪ ಮಾಡಿಕೊಳ್ಳಲಿ? ಈ ಹುಚ್ಚು ಹತ್ತಿಸಿದವಳೇ ನಾನು.

ಹೇಗೆ ಅಂತೀರಾ? ತೊಂಬತ್ತರ ದಶಕದ ಮಧ್ಯದಲ್ಲಿ ನಾನು ಹಾಸನದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದೆ. ಹೊಸ ಕೆಲಸ, ಕಲಿತದ್ದನ್ನು ಕಂಡವರಿಗೆಲ್ಲ ಹೇಳುವ ಚಪಲ. ಭಾನುವಾರ ಬಂತೆಂದರೆ ಅತ್ತೆಯ ಕೈ ಊಟಕ್ಕೆ ಹೊಳೆನರಸೀಪುರದ ಬಸ್ಸು ಹತ್ತುತ್ತಿದ್ದೆ. ಮಾವ ಆಗಷ್ಟೇ ರಿಟೈರಾಗಿ ಮನೆಗೆ ಅಗ್ಗದ ಬಣ್ಣ ಹೊಡೆಸಿದ್ದರು. ವರ್ಷ ತುಂಬುವುದರೊಳಗೆ ಆ ಬಣ್ಣ ಒರಗಿದವರ ಬೆನ್ನಿಗೆಲ್ಲ ಅಂಟತೊಡಗಿತು. ಬಂದ ನೆಂಟರು ವಾಪಸ್ ಹೋಗುವಾಗ ಅರ್ಧ ಗೋಡೆ ಹೊತ್ತುಕೊಂಡೇ ಹೋಗುವರು! ಮಾವ ಊಟಕ್ಕೆ ಕೂತಾಗ ಬಣ್ಣದವನಿಗೆ ಬೈಯುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡು ಹುಳಿ ಉಣ್ಣಬಾರದಿತ್ತೆ?

"ಬಣ್ಣದವನದೇನೂ ತಪ್ಪಿಲ್ಲ ಮಾವ. ಬಣ್ಣದಲ್ಲಿರೋ ಬಿಳಿ ಪುಡಿ ಇದೆಯಲ್ಲ, ಟೈಟಾನಿಯಂ ಡಯಾಕ್ಸೈಡು, ಅದಕ್ಕೆ ಬಿಸಿಲು ಬಿತ್ತು ಅಂದ್ರೆ ಸುಮ್ಮನಿರಕ್ಕಾಗಲ್ಲ. ಪಕ್ಕದಲ್ಲಿರೋ ಅಂಟು, ಎಣ್ಣೆ ಎಲ್ಲಾನೂ ಚೂರುಚೂರು ಮಾಡಿ ತಿಂದುಹಾಕುತ್ತೆ. ತಾನು ಮಾತ್ರ ಚೂರೂ ಖರ್ಚಾಗಲ್ಲ. ಅಂಟು ಹೋಯ್ತು, ಪುಡಿ ಉದುರ್ತು. ಅಷ್ಟೇ."

"ತಿನ್ನುತ್ತಾ? ಬೇರೆ ಏನೇನು ತಿನ್ನುತ್ತೆ?"

"ಏನು ಬೇಕಾದ್ರೂ. ಹೊರದೇಶದಲ್ಲಿ ನೀರಲ್ಲಿ ಸೇರಿಕೊಂಡಿರೋ ಕೀಟನಾಶಕಾನೂ ಇದಕ್ಕೇ ತಿನ್ನಿಸ್ತಾ ಇದಾರಂತೆ. ಬರೀ ಬಿಸಿಲು, ಬರೀ ಪುಡಿ."

ಮಾವನ ಕೈ ತುತ್ತಿನ ಸಮೇತ ಅರ್ಧಕ್ಕೇ ನಿಂತಿತು. "ಬಿಎಚ್‌ಸಿ ತಿನ್ನುತ್ತಾ ಪುಟ್ಟಿ?"

ಬಿಎಚ್‌ಸಿ ಅಂದರೆ ಹಳಬರಿಗೆ ಗೊತ್ತು. ಒಂದು ಕಾಲದಲ್ಲಿ ಹೊಲಹೊಲಕ್ಕೂ ಬರಿಗೈಯಲ್ಲಿ ಎರಚುತ್ತಿದ್ದ ಗಬ್ಬುನಾತದ ಪುಡಿ. ಹುಳ ಸಾಯುತ್ತಿತ್ತು, ಪುಡಿ ಮಾತ್ರ ಸಾಯುತ್ತಿರಲಿಲ್ಲ. ಮಣ್ಣಲ್ಲಿ, ನೀರಲ್ಲಿ ಹತ್ತಿಪ್ಪತ್ತು ವರ್ಷ ಹಾಗೇ ಕೂತಿರುತ್ತಿತ್ತು. ಮಾವನ ಸರ್ಕಾರಿ ನೌಕರಿಯೇ ರೈತರಿಗೆ ಬೀಜ, ಗೊಬ್ಬರ, ಔಷಧಿಯ ವಿಷಯ ಹೇಳಿಕೊಡುವುದಾಗಿತ್ತು. ಹಾಗಾಗಿ ಕೇಳುತ್ತಿದ್ದಾರೆ ಅಂದುಕೊಂಡು, "ಓಹೋ, ಚೆನ್ನಾಗಿ ತಿನ್ನುತ್ತೆ!" ಅಂದುಬಿಟ್ಟೆ. ಅವತ್ತು ಮಾವ ಮಜ್ಜಿಗೆಗೂ ಕಾಯದೆ ಎದ್ದುಹೋದರು. ಮುಂದಿನ ಭಾನುವಾರ ನಾನು ಹೋಗುವಷ್ಟರಲ್ಲಿ ಹಿತ್ತಲಲ್ಲಿ ಎರಡು ಕ್ಯಾನು ನೀರು ಬಂದು ಕೂತಿತ್ತು.

ಆ ನೀರು ಅರಕಲಗೂಡಿನ ಆಚೆ ಕೆಂಪಮ್ಮ ಎಂಬಾಕೆಯ ಹೊಗೆಸೊಪ್ಪಿನ ಹೊಲದ ಬಾವಿಯದು. ಮದುವೆಯಾದ ವರ್ಷ ಆಕೆಯ ಗಂಡ ತೋಡಿಸಿದ ಬಾವಿ. ಒಂದಾನೊಂದು ಕಾಲದಲ್ಲಿ ಸಿಹಿ ನೀರು, ಈಗ ಮೂಗಿನ ಹತ್ತಿರ ತಂದರೆ ಮುಗ್ಗಲು ವಾಸನೆ. ಹಿಂದೊಮ್ಮೆ ಅದರಲ್ಲಿದ್ದ ಮೀನೆಲ್ಲ ತೇಲಿದ್ದವಂತೆ. ಅಂದಿನಿಂದ ಆ ಮನೆಯವರು ಎರಡು ಫರ್ಲಾಂಗು ನಡೆದು ಬೋರಿನಿಂದ ನೀರು ಹೊರುತ್ತಿದ್ದರು. "ಆ ಬಾವಿ ನೀರು ಒಂದೇ ಒಂದು ಕೊಡ ಕುಡಿಯೋ ಹಾಗೆ ಮಾಡಬೇಕು ಪುಟ್ಟಿ" ಅಂದರು ಮಾವ. ಜಿಲ್ಲೆಯಲ್ಲಿ ಬೇರೆ ಬಾವಿ ಇಲ್ಲವೇ, ಇದೇ ಯಾಕೆ ಅಂದೆ. "ಇದೇ" ಅಂದರು. ಅದಕ್ಕಿಂತ ಹೆಚ್ಚು ಒಂದಕ್ಷರ ಬಾಯಿ ಬಿಡಲಿಲ್ಲ.

ಸರಿ, ಶುರುವಾಯಿತು ಪ್ರಯೋಗ! ನೀರಿನಲ್ಲಿರುವ ವಿಷ ಹೋಯಿತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲವಲ್ಲ, ಮೊದಲು ಪೆನ್ನಿನ ಇಂಕಿನ ಮೇಲೆ ನೋಡಿ ಅಂತ ನಾನೇ ಹೇಳಿಕೊಟ್ಟೆ. ಎರಡು ತಟ್ಟೆ ನೀರಿಗೆ ಎರಡೆರಡು ಹನಿ ನೀಲಿ ಇಂಕು. ಒಂದಕ್ಕೆ ಬಿಳಿ ಪುಡಿ, ಇನ್ನೊಂದಕ್ಕೆ ಇಲ್ಲ. ಎರಡನ್ನೂ ತಾರಸಿ ಬಿಸಿಲಿಗಿಟ್ಟು ಯಾವುದರ ಬಣ್ಣ ಮೊದಲು ಹೋಗುತ್ತೆ ನೋಡುವುದು. ಮಾವ ಹಾಸನಕ್ಕೆ ಬಂದು, ಇರುವುದರಲ್ಲೇ ದುಬಾರಿಯ, ಹೆಸರುವಾಸಿ ಬಿಳಿ ಪುಡಿ ತಂದರು. ಬೆಳಗ್ಗೆಯಿಂದ ಸಂಜೆಯವರೆಗೆ ಛತ್ರಿ ಹಿಡಿದು ತಟ್ಟೆ ಕಾದರು. ಛತ್ರಿ ತಮಗೆ, ಬಿಸಿಲು ತಟ್ಟೆಗೆ. ಎಷ್ಟು ದಿನವಾದರೂ ಎರಡೂ ತಟ್ಟೆ ಒಂದೇ ಥರ ನೀಲಿ. ಅತ್ತೆ ಬಟ್ಟೆ ಹರವಲು ಬಂದಾಗಲೆಲ್ಲ "ಏನ್ರೀ, ನಿಮ್ಮ ಸೂರ್ಯ ಇವತ್ತೂ ರಜಾನಾ?" ಅಂತ ಕೇಳಿಕೊಂಡು ಹೋಗುವರು.

ಆಮೇಲೆ ನಾನು ಲೈಬ್ರರಿಯಲ್ಲಿ ಪುಸ್ತಕ ತಿರುವಿ ನೋಡಿ ತಲೆ ಚಚ್ಚಿಕೊಂಡೆ. ಒಳ್ಳೆ ಬಣ್ಣದ ಕಂಪನಿಗಳು ಆ ಪುಡಿಯ ಒಂದೊಂದು ಕಣಕ್ಕೂ ಮೇಲೊಂದು ಹೊದಿಕೆ ಹೊದಿಸಿರುತ್ತಾರೆ. ಯಾಕೆ? ಬಿಸಿಲಲ್ಲಿ ಅದು ಬಣ್ಣವನ್ನೇ ತಿನ್ನಬಾರದು ಅಂತ! ಅಂದರೆ ಪುಡಿ ಎಷ್ಟು ಉತ್ತಮವೋ ನಮ್ಮ ಕೆಲಸಕ್ಕೆ ಅಷ್ಟು ದಂಡ. ನಮಗೆ ಬೇಕಾದ್ದು ಹೊದಿಕೆಯಿಲ್ಲದ, ಬಿಸಿಲಿಗೆ ನಿಲ್ಲದ, ಗೋಡೆ ಬಿಟ್ಟು ಕೈಗೆ ಬರುವ ಬಡಪಾಯಿ ಪುಡಿ. ಇದನ್ನು ಹೇಳಿದ್ದೇ ತಡ, ಮಾವ ಒಳ್ಳೆಯ ಬಣ್ಣ ಕಂಡರೆ ಹಲ್ಲು ಕಡಿಯತೊಡಗಿದರು. ಅವರ ಮನೆಯ ಗೋಡೆಗೆ ಬಳಿದಿದ್ದ ಪುಡಿ ಎಲ್ಲಿಯದು ಅಂತ ಕೇಳೋಣ ಅಂದರೆ ಬಣ್ಣದವನು ಊರು ಬಿಟ್ಟು ಹೋಗಿದ್ದ. ಎಷ್ಟು ಬೈದಿದ್ದರೋ ಏನೋ! ಊರಿನ ಗೋಡೆ ಸವರುವ ಕಾಯಕ ಶುರುವಾದದ್ದು ಹೀಗೆ.

ಚನ್ನರಾಯಪಟ್ಟಣದಲ್ಲಿ ಅತ್ತೆಯ ಕಡೆಯವರ ಮದುವೆ. ಧಾರೆಯ ಹೊತ್ತು. ಎಲ್ಲರ ಕೈಯಲ್ಲೂ ಅಕ್ಷತೆ, ಮಾವ ಮಾತ್ರ ಇಲ್ಲ! "ನೋಡೇ, ಎಲ್ಲಿ ಗೋಡೆ ಕೆರೀತಾ ನಿಂತಿದಾರೋ" ಅಂದರು ಅತ್ತೆ. ತಮಾಷೆಗೆ ಅಂದದ್ದು. ನಾನು ಹೋಗಿ ನೋಡಿದರೆ ಛತ್ರದ ಹಿಂದಿನ ಗೋಡೆಯ ಹತ್ತಿರ, ಜರಿ ಪಂಚೆ ಮೇಲೆತ್ತಿ ಕಟ್ಟಿ, ಪಾಯಸದ ಚಮಚದಿಂದ ನಿಜವಾಗಿಯೂ ಗೋಡೆ ಕೆರೆಯುತ್ತಿದ್ದಾರೆ! ಕೆರೆದ ಪುಡಿ ತಾಂಬೂಲದ ಚೀಲಕ್ಕೆ. ಹಿಂದೆಯೇ ಛತ್ರದ ಮಾಲೀಕರು ಬಂದರು. ಮೀಸೆಯ ಆಳು.

"ಏನ್ ಸಾಮಿ ಇದು? ಉಣ್ಣಕ್ ಬಂದೋರು ಗ್ವಾಡೆ ಕೆರೀತಿದ್ದೀರಾ?"

ಮಾವ ಬಿಳಿಯಾದ ಅಂಗೈಯನ್ನು ಅವರ ಮುಖಕ್ಕೇ ಹಿಡಿದರು. "ಎಂಥಾ ಬಣ್ಣ ಕಣ್ರೀ! ಇಷ್ಟು ಕಳಪೆ ಬಣ್ಣ ನಾನು ಮೂರು ತಾಲ್ಲೂಕಲ್ಲಿ ನೋಡಿಲ್ಲ! ಎಲ್ಲಿ ಸಿಕ್ತು ನಿಮಗೆ?"

ಮಾಲೀಕರ ಮೀಸೆ ಒಂದು ಸಲ ಮೇಲೆ ಹೋಯಿತು. ಆಯಿತು, ಮದುವೆಮನೆಯಲ್ಲಿ ಇವತ್ತು ಕೈ ಕೈ ಮಿಲಾಯಿಸುತ್ತೆ ಅಂತ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆದರೆ ಅವರು ಮಾವನ ಭುಜದ ಮೇಲೆ ಕೈಹಾಕಿ, "ನೀವಾದ್ರೂ ಅಂದ್ರಲ್ಲ ಸಾಮಿ! ಆಸನದ ಮಾರ್ಕೆಟ್ಟಲ್ಲಿ ಒಬ್ಬ ಮುದುಕ ಅವ್ನೆ, ಬಿಡಿ ಪುಡಿ ಮಾರೋನು. ಅವ್ನು ಕೊಟ್ಟಿದ್ದು. ಒಂದ್ ಮಳೆ ನಿಲ್ಲಿಲ್ಲ. ಓಗಿ, ಚೆನ್ನಾಗ್ ಉಗ್ದು ಬನ್ನಿ. ನನ್ನ ಎಸ್ರೂ ಸೇರ್ಸಿ ಉಗೀರಿ!" ಅಂತ ಅಂಗಡಿಯ ಗುರುತು ಹೇಳಿ ಕಳಿಸಿಕೊಟ್ಟರು. ನಾವು ಒಳಗೆ ಬರುವಷ್ಟರಲ್ಲಿ ತಾಳಿ ಕಟ್ಟಿ ಮುಗಿದಿತ್ತು.

ಹಾಸನದ ಆ ಅಂಗಡಿಗೆ ಮಾವನ ಜೊತೆ ನಾನೂ ಹೋಗಿದ್ದೆ. ಆ ಮುದುಕಪ್ಪನಷ್ಟು ಸತ್ಯವಂತ ವ್ಯಾಪಾರಿಯನ್ನು ನಾನು ಇದುವರೆಗೂ ಕಂಡಿಲ್ಲ.

"ಆ ಪುಡಿ ಎರಡು ಕೆಜಿ ಕೊಡಿ."

"ಒಳಗೋಡೆಗಾ ಸಾ? ಅಂಗಾದ್ರೆ ತಗಳಿ."

"ಇಲ್ಲ, ಬಿಸಿಲಿಗೆ."

"ಬ್ಯಾಡಿ ಸಾ. ಬಿಸ್ಲಿಗ್ ನಿಲ್ಲಲ್ಲ, ಉದ್ರೋಯ್ತದೆ."

"ಉದುರಲಿ ಅಂತಲೇ ತಗೊಳ್ತಿರೋದು."

"ಆಮ್ಯಾಕೆ ಬಂದು ಬಯ್ಯದು ನನ್ನೇ. ಆ ಪಟ್ಣದ ಛತ್ರದೋರು ಒಂದ್ ದಪ ಬಂದು ಬೈದೋಗವ್ರೆ. ನಾ ಕೊಡಾಕಿಲ್ಲ."

ಅರ್ಧ ಗಂಟೆ ಚೌಕಾಸಿ. ಬೆಲೆಯ ಚೌಕಾಸಿ ಎಲ್ಲಾದರೂ ಉಂಟೇ, ಇದು ಮರ್ಯಾದೆಯ ಚೌಕಾಸಿ! ಕೊನೆಗೆ, ತಕರಾರಿಲ್ಲ ಅಂತ ಬರೆದುಕೊಟ್ಟರೆ ಕೊಡುತ್ತೇನೆ ಅಂದ. ಮಾವ ಒಂದು ಹಳೇ ಕ್ಯಾಲೆಂಡರಿನ ಹಿಂದೆ ದಪ್ಪಕ್ಷರದಲ್ಲಿ "ಈ ಪುಡಿ ಬಿಸಿಲಿನಲ್ಲಿ ಹಾಳಾದರೆ ನನಗೆ ಪರಮ ಸಂತೋಷ" ಅಂತ ಬರೆದು ಸಹಿ ಹಾಕಿದರು. ಮುದುಕಪ್ಪ ಅದನ್ನು ಗೋಡೆಗೆ ಅಂಟಿಸಿಕೊಂಡ. ಬಹಳ ದಿನದ ಮೇಲೆ ನಾನು ಆ ಕಡೆ ಹೋದಾಗಲೂ ಅದು ಅಲ್ಲೇ ಇತ್ತು.

ಮಾವ ಅಷ್ಟಕ್ಕೇ ನಿಲ್ಲಲಿಲ್ಲ. ಇರಲಿ ಅಂತ ಇನ್ನೆರಡು ಅಂಗಡಿಯಿಂದಲೂ ಕಳಪೆ ಪುಡಿ ತಂದು, ಮೂರನ್ನೂ ಮೂರು ಬಿಸ್ಕತ್ತಿನ ಡಬ್ಬಿಗೆ ತುಂಬಿ ಅಡುಗೆಮನೆ ಅಟ್ಟದ ಮೇಲಿಟ್ಟರು. ಚೀಟಿ ಅಂಟಿಸಿದರಾ? ಇಲ್ಲ! ಮೂವತ್ತು ವರ್ಷ ರೈತರಿಗೆ "ಡಬ್ಬದ ಮೇಲೆ ಹೆಸರು ಓದಿ" ಅಂತ ಭಾಷಣ ಮಾಡಿದ ಮನುಷ್ಯ!

ಬಂತು ಸಂಕ್ರಾಂತಿ. ನಮ್ಮತ್ತೆ ರಂಗೋಲಿಯಲ್ಲಿ ಬೀದಿಗೇ ರಾಣಿ. ಪ್ರತಿ ಸಂಕ್ರಾಂತಿಗೂ ಬೀದಿಯಲ್ಲಿ ರಂಗೋಲಿ ಸ್ಪರ್ಧೆ, ಪ್ರತಿ ಸಲವೂ ಸ್ಟೀಲ್ ಡಬ್ಬಿ ನಮ್ಮತ್ತೆಗೆ. ಆ ವರ್ಷ ಬೆಳಗ್ಗೆ ಐದಕ್ಕೇ ಸಗಣಿ ನೀರು ಹಾಕಿ ಸಾರಿಸಿ, ಅಂಗಳ ತುಂಬ ಗರಿ ಬಿಚ್ಚಿದ ನವಿಲು ಬಿಡಿಸಿದರು. ಬಣ್ಣ ತುಂಬುವಾಗ ರಂಗೋಲಿ ಪುಡಿ ಸಾಲಲಿಲ್ಲ. ಅಟ್ಟದ ಮೇಲೆ ಕೈಯಾಡಿಸಿದರು, ಸಿಕ್ಕಿತು ಬಿಸ್ಕತ್ತಿನ ಡಬ್ಬಿ. "ಅಬ್ಬಾ, ಎಷ್ಟು ನುಣ್ಣಗಿದೆ! ಇವರು ಜೀವನದಲ್ಲಿ ಮೊದಲನೇ ಸಲ ಒಂದು ಒಳ್ಳೆ ಸಾಮಾನು ತಂದಿದಾರೆ" ಅಂತ ಅದಕ್ಕೇ ನೀಲಿ, ಹಸಿರು, ರಾಣಿ ಬಣ್ಣ ಕಲೆಸಿ ನವಿಲಿಗೆ ತುಂಬಿದರು. ಬೆಳಗ್ಗೆ ಎಂಟಕ್ಕೆ ಬೀದಿಯ ಹೆಂಗಸರೆಲ್ಲ ಬಂದು ಮೂಗಿನ ಮೇಲೆ ಬೆರಳಿಟ್ಟುಕೊಂಡು ಹೋದರು.

ತೀರ್ಪುಗಾರರು ಬಂದದ್ದು ಮಧ್ಯಾಹ್ನ ಮೂರಕ್ಕೆ. ಅಷ್ಟು ಹೊತ್ತಿಗೆ ನವಿಲು ಬಿಸಿಲಲ್ಲಿ ಏಳು ಗಂಟೆ ನಿಂತಿತ್ತು. ಗರಿಯ ನೀಲಿ ಹೋಗಿತ್ತು, ಕತ್ತಿನ ಹಸಿರು ಹೋಗಿತ್ತು, ರಾಣಿ ಬಣ್ಣವಂತೂ ಇತ್ತೋ ಇಲ್ಲವೋ ಅನ್ನುವ ಹಾಗೆ ಬೂದಿಯಾಗಿತ್ತು. ಒಬ್ಬ ತೀರ್ಪುಗಾರ್ತಿ ಕನ್ನಡಕ ಸರಿ ಮಾಡಿಕೊಂಡು, "ಬಾತುಕೋಳಿನಾ? ಹೊಸ ಥರ ಇದೆ" ಅಂದರು. ಅತ್ತೆಯ ಕಣ್ಣಲ್ಲಿ ನೀರು ದಳದಳ ಇಳಿಯಿತು. ಹೆಂಡತಿ ಅಳುವುದು ಕೇಳಿ ಮಾವ ಹೊರಗೋಡಿ ಬಂದರು, ಅಂಗಳ ನೋಡಿದರು, ಬಾಗಿ ಮೂಸಿದರು, ಆಮೇಲೆ ಎರಡೂ ಕೈ ಎತ್ತಿ ಕುಣಿದುಬಿಟ್ಟರು!

"ಹೋಯ್ತಾ? ಪೂರ್ತಿ ಹೋಯ್ತಾ? ಎಷ್ಟು ಗಂಟೆಗೆ ಹಾಕಿದ್ದೆ? ಯಾವ ಡಬ್ಬಿ? ಲೇ, ಯಾವ ಡಬ್ಬಿ ಹೇಳೇ!"

ನೋಡಿ ಹೇಳಿ, ಇಂಥ ಗಂಡನಿಗೆ ಏನು ಮಾಡಬೇಕು? ಅತ್ತೆ ಮೂರು ದಿನ ಮಾತು ಬಿಟ್ಟರು, ಮೂರು ದಿನವೂ ಉಪ್ಪಿಲ್ಲದ ಸಾರು ಬಡಿಸಿದರು. ಮಾವ ಮೂರು ದಿನವೂ ಚಪ್ಪರಿಸಿಕೊಂಡು ಉಂಡರು. ಡಬ್ಬಿ ಯಾವುದು ಅಂತ ಗೊತ್ತಾದ ಖುಷಿಯಲ್ಲಿ ಅವರಿಗೆ ಉಪ್ಪಿನ ನೆನಪೇ ಬರಲಿಲ್ಲ. ಕಡಿಮೆಯಾಗಿದ್ದದ್ದು ಮೂರರಲ್ಲಿ ದೊಡ್ಡದಾದ ಎರಡು ಕೆಜಿಯ ಡಬ್ಬಿ, ಅಂದರೆ ಹಾಸನದ ಸತ್ಯವಂತ ಮುದುಕಪ್ಪನದೇ.

ಆಮೇಲಿನದು ತಾರಸಿಯ ಕಥೆ. ಕಿಟಕಿಯ ನಾಲ್ಕು ಹಳೇ ಗಾಜಿಗೆ ಬಿಳಿ ಸಿಮೆಂಟಿನಲ್ಲಿ ಆ ಪುಡಿ ಕಲೆಸಿ ತೆಳ್ಳಗೆ ಬಳಿದು ಒಣಗಿಸಿದರು. ಪುಡಿಯನ್ನು ನೀರಿಗೇ ಹಾಕಿದರೆ ಆಮೇಲೆ ಸೋಸುವುದು ಯಾರು? ಅದಕ್ಕೇ ಈ ಉಪಾಯ. ಗಾಜುಗಳನ್ನು ಒಂದರ ಕೆಳಗೊಂದು ಓರೆಯಾಗಿಟ್ಟು, ಮೇಲಿಂದ ಬಾವಿ ನೀರು ತೊಟ್ಟುತೊಟ್ಟಾಗಿ ಬಿಡುವುದು. ನೀರು ಗಾಜಿನ ಮೇಲೆ ತೆಳ್ಳಗೆ ಹರಿದು, ಬಿಸಿಲು ತಿಂದು, ಕೆಳಗಿನ ಕೊಡಕ್ಕೆ ಬೀಳಬೇಕು. ತೊಟ್ಟಿಕ್ಕಿಸಲು ಔಷಧಿ ಅಂಗಡಿಯಿಂದ ಗ್ಲೂಕೋಸ್ ಹಾಕುವ ಪೈಪು ತಂದರು. ಕಂಬಕ್ಕೆ ಬಾಟಲಿ ತೂಗಿಬಿಟ್ಟದ್ದನ್ನು ರಸ್ತೆಯಿಂದ ನೋಡಿದವರು "ಮೇಲೆ ಯಾರನ್ನ ಮಲಗಿಸಿದಾರೆ? ಹೇಗಿದಾರೆ ಈಗ?" ಅಂತ ಕಿತ್ತಳೆ ಹಣ್ಣು ಹಿಡಿದು ಬಂದದ್ದೂ ಉಂಟು. ಅತ್ತೆ ಹಣ್ಣು ಇಸಕೊಂಡು "ಪರವಾಗಿಲ್ಲ, ಇವತ್ತು ಸ್ವಲ್ಪ ಬಿಸಿಲು ಕುಡಿದ್ರು" ಅನ್ನುವರು.

ಆದರೆ ಬಿಸಿಲಿನ ಕಾಲ ಅಂದರೆ ಸಂಡಿಗೆಯ ಕಾಲವೂ ಹೌದಲ್ಲ! ತಾರಸಿ ಇರುವುದು ಒಂದು. ಅತ್ತೆ ಸುಣ್ಣದ ಕಡ್ಡಿಯಲ್ಲಿ ನಡುವೆ ಗೀಟೆಳೆದು, ಮೂಡಲ ಕಡೆ ಸಂಡಿಗೆ, ಪಡುವಲ ಕಡೆ ವಿಜ್ಞಾನ ಅಂತ ಪಾಲು ಮಾಡಿದರು. ಗೀಟು ದಿನಕ್ಕೆ ಒಂದು ಗೇಣು ಪಡುವಲಕ್ಕೆ ಸರಿಯುತ್ತಿತ್ತು. ಮಾವ ಕೇಳಿದರೆ "ಸೂರ್ಯ ಸರಿಯಲ್ವೇನ್ರೀ? ಹಾಗೇ" ಅನ್ನುವರು. ಜಗಳ ಏನೇ ಇರಲಿ, ಮೋಡ ಕಂಡರೆ ಇಬ್ಬರೂ ಒಟ್ಟಿಗೆ ಮೆಟ್ಟಿಲು ಹತ್ತಿ ಓಡುವರು. ಒಬ್ಬರು ಸಂಡಿಗೆ ಎತ್ತಲು, ಇನ್ನೊಬ್ಬರು ಪೈಪು ನಿಲ್ಲಿಸಲು.

ಹೀಗೆ ಇಳಿದ ನೀರನ್ನು ಬಾಟಲಿಗೆ ತುಂಬಿ ನಾನು ಮೈಸೂರಿಗೆ ಕಳಿಸಿದೆ. ಅಲ್ಲಿ ನನ್ನ ಹಳೇ ಸಹಪಾಠಿಯೊಬ್ಬಳಿಗೆ ಅಂಥದ್ದನ್ನು ಅಳೆಯುವ ಯಂತ್ರದ ಹತ್ತಿರವೇ ಕೆಲಸ. ಮೊದಲ ಉತ್ತರ ಬಂತು. ವಿಷ ಅರ್ಧ ಉಳಿದಿದೆ.

"ಅರ್ಧ ಹೋಗಿದೆ!" ಅಂತ ಮಾವ ಕುಣಿದರು.

"ಅರ್ಧ ಇದೆ ಮಾವ! ಅರ್ಧ ವಿಷ ಕುಡಿದ್ರೆ ಅರ್ಧ ಸಾಯ್ತಾರಾ?" ಅಂತ ರೇಗಿದೆ. ಪರೀಕ್ಷೆಯ ಪೇಪರು ತಿದ್ದುವ ಹೊತ್ತು, ತಲೆ ಬಿಸಿಯಾಗಿತ್ತು. "ಆ ಬಾವಿ ಇಡೀ ಹೀಗೆ ತೊಟ್ಟುತೊಟ್ಟಾಗಿ ತೊಳೀಬೇಕು ಅಂದ್ರೆ ನಿಮಗೆ ನಾಲ್ಕು ಜನ್ಮ ಬೇಕು. ನಿಮಗೂ ಹುಚ್ಚು, ಜೊತೇಲಿ ಕುಣಿಯೋ ನನಗೂ ಹುಚ್ಚು. ಬೋರಿನ ನೀರು ಕುಡೀತಾ ಇದಾರಲ್ಲ, ಬಿಟ್ಟುಬಿಡಿ!"

ಮಾವ ಅಂಗೈ ನೋಡಿಕೊಂಡರು. "ಇನ್ನೊಂದಿಷ್ಟು ನಿಧಾನಕ್ಕೆ ಬಿಡ್ತೀನಿ, ಮೂರು ಸಲ ಹರಿಸ್ತೀನಿ. ಮುಂದಿನ ವಾರ ಕ್ಯಾನು ಹೊರೋದಕ್ಕೆ ನೀನೂ ಬರ್ತೀಯಾ? ಮಂಡಿ ನೋಯ್ತಿದೆ" ಅಂದರು. ಬೈದ ತಪ್ಪಿಗೆ ಹೋದೆ.

ಅರಕಲಗೂಡಿನ ಬಸ್ಸಿನಲ್ಲಿ, ಖಾಲಿ ಕ್ಯಾನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಕಡೆ ನೋಡುತ್ತಲೇ ಮಾವ ಹೇಳಿದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರಿದ್ದದ್ದು ಇದೇ ಕಡೆಯಂತೆ. ಒಂದು ಮಳೆಗಾಲದಲ್ಲಿ ಹಂಚಿ ಉಳಿದಿದ್ದ ಬಿಎಚ್‌ಸಿ ಚೀಲಗಳು ನೆನೆದು ಗಟ್ಟಿಯಾಗಿ ಹೋದವು. ಇಡಲು ಜಾಗವಿಲ್ಲ. ಹತ್ತಿರದಲ್ಲಿ ಮೆತ್ತಗೆ ಮಣ್ಣಿದ್ದದ್ದು ಕೆಂಪಮ್ಮನ ಬಾವಿಯ ಪಕ್ಕ. ಅಲ್ಲೇ ಗುಂಡಿ ತೋಡಿಸಿ ಹೂಳಿಸಿದರು.

"ಮಣ್ಣಲ್ಲಿ ಹೂತ್ರೆ ಗೊಬ್ಬರದ ಹಾಗೆ ಕೊಳೆತು ಮಣ್ಣಾಗುತ್ತೆ ಅಂತ ತಿಳ್ಕೊಂಡಿದ್ದೆ ಪುಟ್ಟಿ. ಆಯಮ್ಮ ಆಗ ಹೊಸ ಮದುವಣಗಿತ್ತಿ. 'ಬಾವಿ ಪಕ್ಕ ಬ್ಯಾಡ ಸಾ' ಅಂದ್ಲು. ನಾನು ನಕ್ಕೆ. 'ಏನೂ ಆಗಲ್ಲ ಕಣಮ್ಮ, ನಾನು ಓದಿರೋನು ಹೇಳ್ತಿದೀನಿ' ಅಂದೆ. ಅಷ್ಟಕ್ಕೇ ಸುಮ್ಮನಾದ್ಲು. ಆಮೇಲೆ ವರ್ಗ ಆಗಿ ಹೋದೆ. ರಿಟೈರಾಗೋ ಮುಂಚೆ ಒಂದು ಸಲ ಈ ಕಡೆ ಬಂದವನು ಬಾಯಾರಿಕೆ ಅಂತ ನೀರು ಕೇಳಿದೆ. 'ಬಾವೀದ್ ಕುಡ್ಯಂಗಿಲ್ಲ ಸಾ, ಬೋರಿಂದು ತರಬೇಕು, ಇರಿ' ಅಂತ ಕೊಡ ಎತ್ಕೊಂಡು ಹೊರಟ್ಲು. ಯಾಕೆ ಅಂತ ಕೇಳೋ ಧೈರ್ಯ ಆಗಲಿಲ್ಲ. ವಾಸನೆ ನೋಡಿದೆ, ಗೊತ್ತಾಯ್ತು. ಆ ಗುಂಡಿ ಮತ್ತೆ ಅಗೆಸಿ ನೋಡಿದ್ರೆ ಚೀಲದ ಗುರುತೂ ಇಲ್ಲ, ಎಲ್ಲಾ ನೀರಿಗೆ ಇಳಿದುಹೋಗಿದೆ. ನನಗೆ ಬಾವಿ ಪೂರ್ತಿ ಬೇಡ ಕಣೇ, ಅಷ್ಟು ಆಯಸ್ಸು ಇಲ್ಲ ಅಂತ ನನಗೂ ಗೊತ್ತು. ಒಂದು ಕೊಡ. ಅವಳ ಕೈಗೆ ಒಂದು ಕೊಡ ಕೊಟ್ಟರೆ ಸಾಕು."

ಹೋದ ವಾರ ಆಡಿದ ಮಾತೆಲ್ಲ ನೆನಪಾಗಿ ನಾಚಿಕೆಯಿಂದ ತಲೆ ತಗ್ಗಿತು. ಕ್ಯಾನು ಇಸಕೊಂಡು ನನ್ನ ತೊಡೆಯ ಮೇಲಿಟ್ಟುಕೊಂಡೆ.

ಕೆಂಪಮ್ಮ ಅಂಗಳದಲ್ಲಿ ಜೋಳ ಬಿಡಿಸುತ್ತಿದ್ದರು. ನಮ್ಮನ್ನು ಕಂಡದ್ದೇ, "ಬಂದ್ರಾ ಸಾ, ನೀರ್ ಕದಿಯಾಕೆ? ಬಾರವ್ವ, ಕುಂತ್ಕೊ. ಇವ್ರು ಬಂದೂ ಬಂದೂ ನಮ್ ಬಾವಿ ಬತ್ತೋಯ್ತದೆ ಕಣವ್ವ!" ಅಂತ ನಕ್ಕರು. ಮಜ್ಜಿಗೆ ಕೊಟ್ಟರು. "ಬೋರಿನ ನೀರಲ್ಲಿ ಬ್ಯಾಳೆ ಬೇಯಕಿಲ್ಲ ಕಣವ್ವ, ಎಷ್ಟ್ ಸೌದೆ ಇಟ್ರೂ ಅಂಗೇ ಇರ್ತದೆ. ಬಾವಿ ನೀರಲ್ಲಿ ಎಂಗ್ ಬೇಯ್ತಿತ್ತು ಅಂತೀಯ, ಬೆಣ್ಣೆ ಬೆಣ್ಣೆ" ಅಂದರು. ಮಾವ ತಲೆ ಎತ್ತಲಿಲ್ಲ. ನೀರು ಕೆಟ್ಟದ್ದು ಆ ಗುಂಡಿಯಿಂದಲೇ ಅಂತ ಆಕೆಗೆ ಗೊತ್ತಿದೆಯೋ ಇಲ್ಲವೋ ಅಂತ ನನಗೆ ಆ ಮುಖ ನೋಡಿ ತಿಳಿಯಲಿಲ್ಲ.

ಆಮೇಲೆ ನಾನು ನಗುವುದನ್ನು ಬಿಟ್ಟೆ, ಬಾಟಲಿ ತೊಳೆದುಕೊಟ್ಟೆ. ಅತ್ತೆಗೂ ಹೇಳಿದೆ. ಅವತ್ತಿನಿಂದ ತಾರಸಿಯ ಗೀಟು ಮೂಡಲಕ್ಕೆ ಸರಿಯತೊಡಗಿತು. ಆ ವರ್ಷ ನಮಗ್ಯಾರಿಗೂ ಸರಿಯಾಗಿ ಸಂಡಿಗೆ ಸಿಗಲಿಲ್ಲ. ಎರಡನೇ ಉತ್ತರದಲ್ಲಿ ಚೂರು ಉಳಿದಿತ್ತು. ಮೂರನೆಯದನ್ನು ಸಹಪಾಠಿ ಕಾಲೇಜಿಗೇ ಫೋನ್ ಮಾಡಿ ಹೇಳಿದಳು. ಯಂತ್ರದ ಕೈಗೆ ಏನೂ ಸಿಗಲಿಲ್ಲವಂತೆ. "ಎರಡು ಸಲ ನೋಡಿದೆ ಕಣೇ, ನಿನ್ನ ಮಾವ ಬೇರೆ ನೀರು ತುಂಬಿ ಕಳಿಸಿದಾರಾ ಹೇಗೆ?" ಅಂದಳು. ನಾನು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಅತ್ತುಬಿಟ್ಟೆ.

ಆ ಭಾನುವಾರ ಮಾವ ಅದೇ ನೀರನ್ನು ಹಿತ್ತಾಳೆ ಕೊಡಕ್ಕೆ ತುಂಬಿ, ಬಾಯಿಗೆ ಮಡಿಬಟ್ಟೆ ಕಟ್ಟಿ, ಬಸ್ಸಿನಲ್ಲಿ ಮಗುವನ್ನು ಕೂರಿಸಿಕೊಂಡ ಹಾಗೆ ತೊಡೆಯ ಮೇಲಿಟ್ಟುಕೊಂಡರು.

"ಏನ್ ಸಾ ಇದು, ತುಪ್ಪನಾ?" ಅಂದ ಕಂಡಕ್ಟರು.

"ನೀರು."

"ಅರಕಲಗೂಡಲ್ಲಿ ನೀರಿಲ್ವಾ ಸಾ?"

"ಇದು ಅರಕಲಗೂಡಿನದೇ ನೀರು ಕಣಪ್ಪ."

"ಮತ್ತೆ ಇಲ್ಲಿಂದ ಯಾಕ್ ತಗೊಂಡ್ ಓಯ್ತಿದ್ದೀರಾ?"

"ಅಲ್ಲಿಂದ ತಂದಿದ್ದೆ, ವಾಪಸ್ ಕೊಡೋದಕ್ಕೆ."

ಕಂಡಕ್ಟರು ನನ್ನ ಮುಖ ನೋಡಿದ. ನಾನು, ಹೌದು ಅಂತ ತಲೆಯಾಡಿಸಿದೆ. ಪಾಪ, ಲಗೇಜು ಕೇಳುವುದನ್ನೂ ಮರೆತು ಮುಂದಕ್ಕೆ ಹೋದ.

ಕೆಂಪಮ್ಮನ ಜಗುಲಿಯ ಮೇಲೆ ಮಾವ ಕೊಡ ಇಳಿಸಿದರು. ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. "ಇದು ನಿಮ್ಮ ಬಾವೀದೇ ನೀರಮ್ಮ. ಶುದ್ಧ ಆಗಿದೆ. ಮೈಸೂರಲ್ಲಿ ಪರೀಕ್ಷೆ ಆಗಿದೆ. ಅವತ್ತು ನಾನು ಆ ಗುಂಡಿ..." ಅಂದರು. ಅಷ್ಟಕ್ಕೇ ನಿಂತುಹೋಯಿತು. "ಮೊದಲು ನಾನು ಕುಡೀತೀನಿ, ನೀನು ನೋಡು. ನನಗೇನೂ ಆಗಲಿಲ್ಲ ಅಂದ್ರೆ ಆಮೇಲೆ ನೀನು" ಅಂತ ಒಂದು ಲೋಟ ಬಗ್ಗಿಸಿ ಬಾಯಿಗೆ ಎತ್ತಿದರು.

ಕೆಂಪಮ್ಮ ಕೈಚಾಚಿ ಆ ಲೋಟ ಕಿತ್ತುಕೊಂಡರು.

"ಗುಂಡಿ ಇಚಾರ ನಂಗೊತ್ತಿಲ್ವಾ ಸಾ? ನನ್ನ ಕಣ್ಮುಂದೇ ಅಲ್ವಾ ತೋಡ್ಸಿದ್ದು! ವಾರವಾರ ನೀವು ಕ್ಯಾನು ಒತ್ಕೊಂಡ್ ಬರದು ಯಾಕೆ ಅಂತ್ಲೂ ಗೊತ್ತು ಬುಡಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತು 'ಏನೂ ಆಗಲ್ಲ' ಅಂದ್ರಿ, ನಂಬುದ್ನಲ್ಲ. ಇವತ್ತು 'ಕುಡಿ' ಅಂತೀರಿ, ಇವತ್ತೂ ನಂಬ್ತೀನಿ. ನನ್ನ ಬಾವಿ ನೀರು ನಾನ್ ಕುಡಿಯಾಕೆ ನೀವ್ಯಾಕ್ ಮೊದ್ಲು ಸಾ ಕುಡೀಬೇಕು?"

ಲೋಟ ಎತ್ತಿ ಗಟಗಟ ಕುಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡು, ಸ್ವಲ್ಪ ಹೊತ್ತು ನಾಲಿಗೆಯ ಮೇಲಿನ ರುಚಿ ನೋಡಿದರು. "ಊಂ ಕಣ್ ಸಾ. ಇದೇಯ. ನಮ್ಮದೇಯ" ಅಂದರು. ಆಮೇಲೆ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು, "ಬ್ಯಾಳೆ ಇಡ್ತೀನಿ. ಉಂಡ್ಕೊಂಡೇ ಓಗದು ಇಬ್ರೂವೆ" ಅಂತ ಒಳಗೆ ಹೋದರು.

ತಿರುಗಿ ನೋಡಿದರೆ ಮಾವ ಜಗುಲಿಯ ಗೋಡೆಯ ಮೇಲೆ ಅಂಗೈ ಊರಿ, ಬೆನ್ನು ತಿರುಗಿಸಿ ನಿಂತಿದ್ದರು. ಇಲ್ಲೂ ಶುರು ಹಚ್ಚಿಕೊಂಡರಲ್ಲಪ್ಪ ಅಂದುಕೊಂಡೆ. "ಮಾವ, ಅದು ಬರೀ ಸುಣ್ಣ, ಬಣ್ಣ ಅಲ್ಲ" ಅಂದೆ.

ಅವರು ಸವರುತ್ತಿರಲಿಲ್ಲ. ಬೀಳದ ಹಾಗೆ ಗೋಡೆ ಹಿಡಿದುಕೊಂಡಿದ್ದರು. ಭುಜ ಅಲ್ಲಾಡುತ್ತಿತ್ತು. ನಾನು ಹತ್ತಿರ ಹೋಗಿ ಇನ್ನೊಂದು ಕೈ ಹಿಡಿದುಕೊಂಡೆ. ಒಳಗೆ ಬೇಳೆ ಕುದಿಯತೊಡಗಿತು.